ಮುನಿಸಿನ ಬಯಲು

ನಮ್ಮೂರಲ್ಲಿ ಯಾರೂ ತಮ್ಮ ಮನೆಯ ಹಾಲಿಗೆ ತಮ್ಮದೇ ಮನೆಯ ಹೆಪ್ಪು ಹಾಕುತ್ತಿರಲಿಲ್ಲ. ಸಂಜೆ ಹಾಲು ಕಾಯಿಸಿ, ಬೆರಳು ಸುಡದಷ್ಟು ಆರಲು ಬಿಟ್ಟು, ಪುಟ್ಟ ಬಟ್ಟಲು ಹಿಡಿದು ಎದುರುಮನೆಗೆ ಹೋಗಬೇಕು. ‘ಒಂಚೂರು ಹೆಪ್ಪು ಕೊಡವ್ವ’ ಅನ್ನಬೇಕು. ಅವರು ಕೊಟ್ಟ ಮೇಲೆ ತಮ್ಮ ಬಟ್ಟಲು ಹಿಡಿದು ಅವರೂ ನಮ್ಮಲ್ಲಿಗೆ ಬರಬೇಕು. ಮನೆಯಲ್ಲಿ ಗಡಿಗೆ ತುಂಬ ಮೊಸರಿದ್ದರೂ ಅಷ್ಟೆ. ಹೊರಗಿನಿಂದ ಮದುವೆಯಾಗಿ ಬಂದ ಹುಡುಗಿಯರು ಮೊದಮೊದಲು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ನಗು ತಾನಾಗಿ ನಿಲ್ಲುತ್ತಿತ್ತು. ಯಾಕೆಂದರೆ ನಮ್ಮ ಕಡೆ ಕಾಲು ಬೀಳದ ನೆಲ ಬೆಳೆಯುತ್ತದೆ. ಬೆಳೆದದ್ದು ಮತ್ತೆ ಕುಗ್ಗುವುದಿಲ್ಲ.

ದೇಶದ ಪಟದಲ್ಲಿ ನಮ್ಮನ್ನು ಹುಡುಕಬೇಡಿ. ಸುತ್ತಲೂ ಕಡಲಂಚಿನಲ್ಲಿ ಇರುವೆ ಸಾಲಿನ ಹಾಗೆ ಊರುಗಳ ಹೆಸರು, ನಡುವೆ ಬರೀ ಹಳದಿ ಬಣ್ಣ. ಆ ಹಳದಿಯೊಳಗೆ ಎಲ್ಲೋ ನಾವು. ಕಡಲಿನವರು ಅದನ್ನು ಒಳನಾಡು ಅನ್ನುತ್ತಾರೆ. ಅಲ್ಲಿ ಏನೂ ಇಲ್ಲ ಅಂತಲೂ ಅನ್ನುತ್ತಾರೆ. ಆದರೆ ನಮ್ಮಜ್ಜಿ ಗಾದ್ರಮ್ಮನಿಗೆ ಆ ಹಳದಿಯ ಒಂದೊಂದು ತುಂಡಿನ ಹೆಸರೂ ಬಾಯಲ್ಲೇ ಇತ್ತು. ನಾನು ಅವಳ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದ ಕಥೆಗಳಲ್ಲಿ ರಾಜರಿರಲಿಲ್ಲ, ರಾಕ್ಷಸರಿರಲಿಲ್ಲ, ಬಯಲುಗಳಿದ್ದವು. ಪಾಯಸದ ಬಯಲು, ಯಾರೋ ಓರಗಿತ್ತಿಯರು ದ್ರಾಕ್ಷಿ ಯಾರ ಬಟ್ಟಲಿಗೆ ಜಾಸ್ತಿ ಬಿತ್ತು ಅಂತ ಮಾತು ಬಿಟ್ಟಾಗ ಹುಟ್ಟಿದ್ದು. ಅದನ್ನು ದಾಟಲು ಎತ್ತಿನ ಗಾಡಿ ಎಲ್ಲಾದರೂ ತಂಗಲೇಬೇಕು. ಕರೆಯದ ಮದುವೆ ಬಯಲು, ಅದರಾಚೆಗೆ ಮೀಸೆ ಬೋಳಿಸಿದವನ ಮರಡಿ. ಅಣ್ಣತಮ್ಮಂದಿರ ಹರವು ಅನ್ನುವುದು ಎಲ್ಲಕ್ಕೂ ದೊಡ್ಡದು. ಅದರ ಆ ತುದಿಯಲ್ಲಿ ಅಣ್ಣನ ಮನೆ ಇದೆಯಂತೆ, ನೋಡಿದವರಿಲ್ಲ.

‘ನಮ್ಮ ದೇಶ ಇಷ್ಟು ದೊಡ್ಡದಾಗಿದ್ದು ಹೆಂಗಂದ್ಕಂಡಿದೀಯ?’ ಅಜ್ಜಿ ನನ್ನ ತಲೆ ಬಾಚುತ್ತ ಕೇಳುತ್ತಿದ್ದಳು. ‘ಮುನಿಸ್ಕಂಡು, ಮುನಿಸ್ಕಂಡು. ಮೊದ್ಲು ಇಡೀ ದೇಶ ಒಂದು ಹಟ್ಟಿಯಷ್ಟಿತ್ತು ಕಣೆ ನಿಂಬಿ. ಕಡ್ಲು ಕಿಟಕೀಲಿ ಕಾಣ್ತಿತ್ತು.’

‘ಮತ್ತೆ ನೆಲ ಯಾಕಜ್ಜಿ ಬೆಳೀತದೆ?’

‘ಹಸು ಇದ್ದಂಗೆ ಅದು. ಮೈ ಸವರೋರಿಲ್ದಿದ್ರೆ ದೂರ ದೂರ ಹೋಗಿ ಮೇಯ್ತದೆ.’

ಹೀಗಾಗಿ ನಮ್ಮ ಬೀದಿಯಲ್ಲಿ ಹೆಣ್ಣನ್ನು ಎದುರುಮನೆಗೇ ಕೊಡುವುದು ವಾಡಿಕೆ. ನನ್ನ ಅಕ್ಕ ಈರಕ್ಕನನ್ನು ಎದುರುಮನೆಯ ಪಾಲಯ್ಯನಿಗೆ ಕೊಟ್ಟಾಗ ದಿಬ್ಬಣ ಹೊರಡುವಷ್ಟರಲ್ಲಿ ತಲುಪಿಯೇ ಬಿಟ್ಟಿತ್ತು. ಒಂದು ಹಾಡೂ ಮುಗಿಯಲಿಲ್ಲ ಅಂತ ವಾಲಗದವರು ಬೇಜಾರಾಗಿ ಬೀದಿಯಲ್ಲೇ ಗಿರಗಿರ ಸುತ್ತು ಹಾಕಿದರು. ಮದುವೆಯಾದ ಮೇಲೂ ಅಕ್ಕ ಹೋದಳು ಅಂತ ನಮಗೆ ಅನಿಸಿರಲಿಲ್ಲ. ಅವ್ವ ಇಲ್ಲಿ ಸೀನಿದರೆ ಅಲ್ಲಿಂದ ಅಕ್ಕ ‘ಶುಂಠಿ ಕಷಾಯ ಕುಡಿ’ ಅಂತ ಕೂಗುತ್ತಿದ್ದಳು. ಅವಳ ಅತ್ತೆ, ನಾನೂ ಅತ್ತೆ ಅಂತಲೇ ಕರೆಯುವ ಕೆಂಚತ್ತೆ, ಸಂಜೆಗೊಮ್ಮೆ ಬಟ್ಟಲು ಹಿಡಿದು ಬಂದರೆ ಹೆಪ್ಪಿಗೆ ಒಂದು ಗಳಿಗೆ, ಊರಿನವರ ವಿಚಾರಕ್ಕೆ ಒಂದು ತಾಸು. ಆಡಿಕೊಳ್ಳುವುದರಲ್ಲಿ ಅವಳ ಸಮ ಇನ್ನೊಬ್ಬರಿರಲಿಲ್ಲ. ಅವ್ವನಿಗೂ ಅದಿಲ್ಲದೆ ಹಾಲು ಮೊಸರಾಗುತ್ತದೆ ಅನ್ನುವ ನಂಬಿಕೆ ಇರಲಿಲ್ಲ.

ಆಗ ಬಂದವರು ಜಲಜಾಕ್ಷಿ ಮೇಡಂ. ಕಡಲ ಕಡೆಯವರು, ಒಳನಾಡಿನ ಏಳಿಗೆ ಕಚೇರಿಯವರು. ದುಂಡು ಮುಖ, ಮೆಲುದನಿ. ನೀವು ಕೊಟ್ಟ ಮಜ್ಜಿಗೆಯನ್ನು ಕೊನೆಯ ಹನಿವರೆಗೂ ಕುಡಿದು ಲೋಟ ತಾವೇ ತೊಳೆದಿಡುವಂಥ ಹೆಂಗಸು. ನಮ್ಮ ಬಾವಿಯ ಬಳಿ ಹೆಂಗಸರ ಸಾಲು ನೋಡಿ ಅವರ ಕಣ್ಣಲ್ಲಿ ನೀರೇ ಬಂತು. ‘ನೀವು ಎಂತಕ್ಕೆ ಇಷ್ಟು ಕಷ್ಟ ಪಡುವುದು? ನೀರಿಗೂ ಇನ್ನೊಬ್ಬರ ಹತ್ತಿರ, ರುಬ್ಬಲಿಕ್ಕೂ ಇನ್ನೊಬ್ಬರ ಹತ್ತಿರ’ ಅಂದರು. ಅಷ್ಟು ಹೇಳಿ ಹೋದವರು ಮಾತು ತಪ್ಪಲಿಲ್ಲ. ಮನೆಮನೆಗೆ ನಲ್ಲಿ ಬಂತು, ಮಿಕ್ಸಿ ಬಂತು, ಕೊನೆಗೆ ಬೆಳ್ಳಗೆ ಹೊಳೆಯುವ ಫ್ರಿಜ್ಜೂ ಬಂತು. ಜನ ಅದಕ್ಕೆ ಕುಂಕುಮ ಹಚ್ಚಿ ಬರಮಾಡಿಕೊಂಡರು. ಒರಳುಕಲ್ಲಿನ ಗುಳಿಯಲ್ಲಿ ಗುಬ್ಬಚ್ಚಿಗಳು ಸ್ನಾನ ಮಾಡತೊಡಗಿದವು.

ಅವ್ವ ಬೇಕಂತ ಏನೂ ಮಾಡಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಫ್ರಿಜ್ಜಿನಲ್ಲಿಟ್ಟ ನಿನ್ನೆಯ ಮೊಸರು ಇವತ್ತೂ ಹುಳಿಯಾಗದೆ ಹಾಗೇ ನಗುತ್ತಿತ್ತು. ‘ಒಂದಿನ ನೋಡಾನ ತಾಳು’ ಅಂತ ಅದನ್ನೇ ಒಂದು ಚಮಚ ಹಾಲಿಗೆ ಹಾಕಿ ಮುಚ್ಚಿಟ್ಟಳು. ಮುಚ್ಚಿ ಸೆರಗಿಗೆ ಕೈ ಒರೆಸಿಕೊಳ್ಳುವಾಗಲೇ ಕೆಂಚತ್ತೆ ಬಟ್ಟಲು ಹಿಡಿದು ಹೊಸಿಲಲ್ಲಿ ನಿಂತಿದ್ದಳು.

‘ಓಹೋ, ಬೀಗ್ತಿ ಮನೇಲಿ ಆಗ್ಲೇ ಹೆಪ್ಪಾಕಿ ಆಗೈತೆ. ನಮ್ಮನೆ ಹೆಪ್ಪು ಹುಳಿಯಾಯ್ತೇನೋ ಈಗ.’

‘ಹುಳಿನೋ ಸಿಹಿನೋ, ಫ್ರಿಜ್ಜಿಗೆ ಬಾಯಿಲ್ಲ ನೋಡು ಬೀಗ್ತಿ. ಮಂದಿನ ಆಡ್ಕಳಲ್ಲ’ ಅಂದಳು ಅವ್ವ.

ಅದು ತಮಾಷೆ. ನಾನೂ ನಕ್ಕೆ, ಅಜ್ಜಿಯೂ ನಕ್ಕಳು. ಕೆಂಚತ್ತೆ ನಗಲಿಲ್ಲ. ಬಗ್ಗಿ ತನ್ನ ಖಾಲಿ ಬಟ್ಟಲನ್ನು ನಮ್ಮ ಹೊಸಿಲ ಮೇಲೆ ಬೋರಲು ಹಾಕಿ, ತಿರುಗಿ ನೋಡದೆ ಹೋದಳು. ನಮ್ಮೂರಲ್ಲಿ ಬಟ್ಟಲು ಬೋರಲು ಹಾಕಿದರೆ ಮುಗಿಯಿತು. ಹಾಕಿದವರೇ ಬಂದು ಎತ್ತಬೇಕು, ಇಲ್ಲವೇ ಹಾಕಿಸಿಕೊಂಡವರು ಎತ್ತಿಕೊಂಡು ಹೋಗಿ ಕೊಡಬೇಕು. ಎತ್ತಿದವರು ಸೋತ ಹಾಗೆ.

ಅಕ್ಕ ಆಗ ಬಸುರಿ. ಮನೆಯೊಳಗೆ ಇನ್ನೊಂದು ಕಟ್ಟಳೆ ಇತ್ತು: ಹೊಟ್ಟೆ ಕಾಣಿಸಿಕೊಂಡ ಮೇಲೆ ಹೆಣ್ಣುಮಗಳು ತವರಿಗೆ ತಾನಾಗಿ ಬರಬಾರದು, ತವರಿನವರೇ ಹೋಗಿ ಕರೆದು ತರಬೇಕು. ಎಷ್ಟೇ ಹತ್ತಿರವಿದ್ದರೂ ಸರಿ. ಅವ್ವ ಹೋಗಿ ಕರೆಯಬೇಕಿತ್ತು. ಹೋಗಬೇಕೆಂದರೆ ಬಟ್ಟಲು ಎತ್ತಬೇಕಿತ್ತು.

‘ಬೋರ್ಲಾಕಿದ್ದು ಅವ್ಳು. ಎತ್ಬೇಕಾದೋಳೂ ಅವ್ಳೇ’ ಅಂದಳು ಅವ್ವ.

‘ನಾನು ಹೋಗಿ ಬರ್ಲಾ ಅವ್ವ?’

‘ನೀನು ಬೀದಿ ದಾಟಿದ್ರೆ ನನ್ ಮಾತು ದಾಟಿದಂಗೆ.’

ಬೀದಿ ಬೆಳೆಯುತ್ತಿದೆ ಅಂತ ಮೊದಲು ನಡುವಿನ ಬೇವಿನ ಮರ ಹೇಳಿತು. ಅದರ ನೆರಳು ಎರಡೂ ಮನೆಯ ಜಗಲಿಗೆ ಬೀಳುತ್ತಿತ್ತು. ಒಂದು ಮಧ್ಯಾಹ್ನ ಎರಡಕ್ಕೂ ಬೀಳಲಿಲ್ಲ, ಬೀದಿಯ ನಡುವೆ ಒಂಟಿಯಾಗಿ ಬಿದ್ದುಕೊಂಡಿತ್ತು. ಮಾರನೆಯ ವಾರ ಬೀದಿಯಲ್ಲಿ ನಾವು ಯಾವತ್ತೂ ಕಾಣದ ಬಣ್ಣದ ಮಣ್ಣು ಎದ್ದಿತ್ತು, ನೆನೆಸಿದ ಅವಲಕ್ಕಿಯ ಬಣ್ಣ. ಅಕ್ಕ ಜಗಲಿಯಲ್ಲಿ ಕೂತು ಕೆಮ್ಮಿದ್ದು ಕೇಳಿಸುತ್ತಿತ್ತು, ಆಮೇಲೆ ಕೇಳಿಸಲಿಲ್ಲ. ನಾನು ಕೂಗಿ ಮಾತಾಡಿದೆ. ‘ಮಾವಿನಕಾಯಿ ತಿಂದ್ಯಾ?’ ಅಂದರೆ ‘ಏನು? ತಿಂದ್ವೆ, ರೊಟ್ಟಿ’ ಅನ್ನುತ್ತಿದ್ದಳು. ಹೀಗೆ ನಮ್ಮ ಮಾತುಗಳು ದಾರಿಯಲ್ಲಿ ವೇಷ ಬದಲಿಸಿಕೊಂಡು ತಲುಪತೊಡಗಿದವು. ಆಮೇಲೆ ದನಿಯೂ ಹೋಯಿತು. ಅವಳು ಹಳದಿ ಸೀರೆ ಒಣಗಹಾಕಿದರೆ ಚೆನ್ನಾಗಿದ್ದಾಳೆ ಅಂತ ನಾನೇ ಅಂದುಕೊಂಡೆ. ಸೀರೆ ಬೆರಳಗಲ ಕಂಡಿತು, ಉಗುರಗಲ ಕಂಡಿತು. ಕೊನೆಗೆ ಅವರ ಒಲೆಯ ಹೊಗೆ ಮಾತ್ರ ಉಳಿಯಿತು, ಆಕಾಶದ ಬುಡದಲ್ಲಿ ಯಾರೋ ಬರೆದು ಅರ್ಧಕ್ಕೆ ಬಿಟ್ಟ ಅಕ್ಷರದ ಹಾಗೆ.

ನನಗೆ ಆ ದಿನಗಳಲ್ಲಿ ಕನಸು, ಎಚ್ಚರ ಎರಡೂ ಒಂದೇ ಥರ ಕಾಣುತ್ತಿದ್ದವು. ಮಧ್ಯಾಹ್ನ ಜಗಲಿಯಲ್ಲಿ ಕೂತರೆ ನೆಲ ಉಸಿರೆಳೆದುಕೊಳ್ಳುವುದು ತಿಳಿಯುತ್ತಿತ್ತು. ರೊಟ್ಟಿ ಉಬ್ಬುವಾಗ ಒಂದು ಸಣ್ಣ ಸದ್ದು ಬರುತ್ತದಲ್ಲ, ಅಂಥದ್ದು. ಊರಿನ ಬೇರೆ ಮನೆಗಳೂ ಆಗಲೇ ಒಂದನ್ನೊಂದು ಬಿಟ್ಟು ಮೆಲ್ಲಗೆ ತೇಲತೊಡಗಿದ್ದವು. ಅವರಲ್ಲಿ ಜಗಳವಿರಲಿಲ್ಲ, ನಲ್ಲಿ ಇತ್ತು. ನಾಳೆ ಹೋದರಾಯಿತು ಅನ್ನುತ್ತಿದ್ದರು.

ಅಕ್ಕನ ದಿನ ತುಂಬುತ್ತ ಬಂತು. ಅವ್ವ ಹಗಲೆಲ್ಲ ಆ ಹೊಗೆಗೆ ಬೆನ್ನು ಹಾಕಿ ಕೆಲಸ ಮಾಡುತ್ತಿದ್ದಳು. ಬಟ್ಟಲು ಹೊಸಿಲಲ್ಲೇ ಇತ್ತು, ಎಲ್ಲರೂ ಅದನ್ನು ದಾಟಿ ಓಡಾಡುತ್ತಿದ್ದೆವು. ಒಂದು ಬೆಳಿಗ್ಗೆ ಅಜ್ಜಿ ತನ್ನ ರೊಟ್ಟಿ ತಟ್ಟೆಯನ್ನು ಸರಿಸಿಬಿಟ್ಟಳು.

‘ಯಾಕತ್ತೆ, ಉಪ್ಪು ಕಮ್ಮಿನಾ?’ ಅಂದಳು ಅವ್ವ.

‘ಉಪ್ಪು ಸರಿಯಾಗೈತೆ. ನಾನು ಸಾಯೋದ್ರೊಳಗೆ ಇನ್ನೊಂದು ಬಯಲಿನ ಹೆಸ್ರು ಕಲೀಬೇಕಲ್ಲ ಅಂತ ಹೊಟ್ಟೆ ತುಂಬೈತೆ. ಏನಂತ ಹೆಸರಿಡಾನ? ಫ್ರಿಜ್ಜಿನ ಬಯ್ಲು?’

ಆ ದಿನ ಅವ್ವ ಸುಟ್ಟ ರೊಟ್ಟಿಗಳೆಲ್ಲ ಹೊತ್ತಿ ಹೋದವು.

ಇದಾದ ಸ್ವಲ್ಪ ದಿನಕ್ಕೆ ಜಲಜಾಕ್ಷಿ ಮೇಡಂ ನೆಲಕ್ಕೆ ಗುರುತು ಹಾಕುವ ಕೆಂಪು ಬಾವುಟಗಳ ಕಟ್ಟು ಹೊತ್ತು ಬಂದರು. ಮುಖದಲ್ಲಿ ಹಬ್ಬ. ನಮ್ಮ ಜಗಲಿಯ ಮುಂದಿನ ಹೊಸ ಮಣ್ಣನ್ನು ಬೊಗಸೆಯಲ್ಲಿ ಎತ್ತಿ ಮೂಸಿದರು, ಕಣ್ಣು ಮುಚ್ಚಿಕೊಂಡರು.

‘ನಮ್ಮ ಹಿತ್ತಿಲು ಅರ್ಧ ಕಡಲಿಗೆ ಹೋಗಿದೆ ಅಮ್ಮ. ತುಳಸಿಕಟ್ಟೆ ಹೋದದ್ದು ನಾನೇ ನಿಂತು ನೋಡಿದ್ದು. ನಮ್ಮಲ್ಲಿ ನೆಲ ಕರಗುವುದು, ನಿಮ್ಮಲ್ಲಿ ಹುಟ್ಟುವುದು. ಎಂಥ ಪುಣ್ಯ ಮಾಡಿದ್ದೀರಿ ನೀವು! ಮನೆ ಕಳಕೊಂಡವರನ್ನೆಲ್ಲ ಇಲ್ಲಿ ಕೂರಿಸಬಹುದು.’ ಆಮೇಲೆ ಒಂದು ಹಲಗೆ ತೆಗೆದು ತೋರಿಸಿದರು, ಬಣ್ಣ ಇನ್ನೂ ಹಸಿ ಇತ್ತು. ‘ಅಲ್ಲಿ ಆಚೆ ಹೊಗೆ ಕಾಣುತ್ತದಲ್ಲ, ಅದು ಇಷ್ಟು ದೂರ ಆದ ಮೇಲೆ ಇನ್ನು ಬೇರೆ ಊರೇ. ಆಚೆಹಟ್ಟಿ ಅಂತ ಹೆಸರು. ಚೆಂದ ಉಂಟಲ್ಲ? ನಿನ್ನೆ ಅಲ್ಲಿಗೂ ಸುತ್ತಿ ಹೋಗಿ ಹೇಳಿ ಬಂದೆ.’

ಅವ್ವ ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದವಳು ಹಾಗೇ ನಿಂತಳು.

‘ಯಾವುದು ಬೇರೆ ಊರು?’

‘ಆಚೆಹಟ್ಟಿ ಅಮ್ಮ. ಎದುರಿನದ್ದು.’

‘ಎದುರುಮನೆ ಕಣ್ರೀ ಅದು! ನನ್ ಮಗಳು ಐದಾಳೆ ಅಲ್ಲಿ. ಎದುರುಮನೆ ಹೆಂಗ್ರಿ ಬೇರೆ ಊರಾಗ್ತದೆ?’

ಮೇಡಂ ತಬ್ಬಿಬ್ಬಾದರು. ಹಲಗೆಯನ್ನೂ ಅವ್ವನ ಮುಖವನ್ನೂ ನೋಡಿದರು. ‘ದೂರ ಆದರೆ... ಹಾಗೆ ಕರೆಯುವುದಲ್ಲವಾ?’ ಅಂದರು, ನಿಜವಾಗಿಯೂ ತಿಳಿದುಕೊಳ್ಳಬೇಕು ಅನ್ನುವ ಹಾಗೆ.

ಅವ್ವ ಲೋಟವನ್ನು ಅವರ ಕೈಗೆ ಕೊಟ್ಟಳು. ಒಳಗೆ ಹೋಗಿ ಅಕ್ಕಿ, ಬೆಲ್ಲ, ಕೊಬ್ಬರಿ, ಹಸಿರು ಬಳೆ, ಎಲ್ಲ ಒಂದು ಗಂಟು ಕಟ್ಟಿದಳು. ಎಷ್ಟು ಬೇಗ ಕಟ್ಟಿದಳೆಂದರೆ ಅವೆಲ್ಲ ಮೊದಲೇ ಒಂದೇ ಕಡೆ ಕೂಡಿಟ್ಟಿದ್ದವು ಅಂತ ನನಗೆ ಆಗ ತಿಳಿಯಿತು. ಹೊರಗೆ ಬರುವಾಗ ಬಗ್ಗಿ ಬಟ್ಟಲು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದರಡಿಯಲ್ಲಿ ಹೊಸಿಲ ಮೇಲೆ ದುಂಡಗೆ ಒಂದು ಮಚ್ಚೆ ಉಳಿದಿತ್ತು.

‘ಏನು ನೋಡ್ತಾ ನಿಂತೆ ನಿಂಬಿ? ನೀರಿನ ಚೆಂಬು ತಗಾ.’

‘ಒಲೆ ನಾನು ನೋಡ್ಕಂತೀನಿ, ಹೋಗ್ರಿ. ಹೊಗೆ ನಿಲ್ಸಲ್ಲ’ ಅಂದಳು ಅಜ್ಜಿ. ‘ಹಿಂದಕ್ಕೆ ತಿರುಗಿದ್ರೆ ಮನೆ ಯಾವ್ ಕಡೆ ಅಂತ ಗೊತ್ತಾಗ್ಬೇಕಲ್ಲ.’

ಹೊಸ ನೆಲ ಗಾಡಿ ತಾಳುವುದಿಲ್ಲ, ಗಾಲಿ ಹೂತುಹೋಗುತ್ತದೆ. ಅದು ಕಾಲಿಗೆ ಮಾತ್ರ. ಚಪ್ಪಲಿ ಬಿಟ್ಟು ಇಳಿದೆವು. ಕೂಸಿನ ನೆತ್ತಿಯ ಹಾಗೆ ಮೆತ್ತಗಿತ್ತು, ಒತ್ತಿದರೆ ನೋವಾಗುತ್ತದೇನೋ ಅನ್ನಿಸಿ ನಾನು ಹಗುರಾಗಿ ಹೆಜ್ಜೆ ಇಟ್ಟೆ. ಅಲ್ಲಿ ಇರುವೆ ಇರಲಿಲ್ಲ, ಹಕ್ಕಿಯ ನೆರಳಿರಲಿಲ್ಲ. ಹುಲ್ಲಿತ್ತು, ಆದರೆ ಯಾವ ಕಡೆ ಬಾಗಬೇಕೆಂದು ಯಾವ ಗಾಳಿಯೂ ಅದಕ್ಕೆ ಇನ್ನೂ ಹೇಳಿಕೊಟ್ಟಿರಲಿಲ್ಲ. ಬಿಸಿಲು ಕೂಡ ಎಲ್ಲಿ ಬೀಳಲಿ ಅಂತ ಕೇಳಿಕೊಂಡು ಬೀಳುತ್ತಿರುವಂತೆ ಕಂಡಿತು. ನಮ್ಮ ಬೀದಿಯ ಅಂಗಳದಲ್ಲಿ ಬಿಡಿಸಿದ್ದ ಯಾವುದೋ ಹಳೆಯ ರಂಗೋಲಿ ಹಿಗ್ಗಿ ಹಿಗ್ಗಿ, ಅದರ ಚುಕ್ಕಿಗಳು ಒಂದೊಂದೂ ಬಿಳಿ ಸುಣ್ಣದ ಬಂಡೆಯಾಗಿ ಅಲ್ಲೊಂದು ಇಲ್ಲೊಂದು ನಿಂತಿದ್ದವು. ಒಂದರ ನೆರಳಲ್ಲಿ ಕೂತು ಬೆಲ್ಲ ತಿಂದು ನೀರು ಕುಡಿದೆವು.

‘ಇದು ನಾನೇ ಇಟ್ಟ ಚುಕ್ಕಿ’ ಅಂದಳು ಅವ್ವ, ಬಂಡೆಯ ಮೇಲೆ ಕೈ ಇಟ್ಟು. ‘ಈರಿ ಮದ್ವೆದು.’ ಅಲ್ಲಿಂದ ಎದ್ದ ಮೇಲೆ ಅವಳು ನಡೆಯಲಿಲ್ಲ, ಓಡಿದಳು.

ಹೊತ್ತು ಇಳಿಯುವಾಗ ಎದುರಿನಿಂದ ಯಾರೋ ಬರುತ್ತಿರುವುದು ಕಂಡಿತು. ಮೊದಲು ಒಂದು ಸಾಸಿವೆ, ಆಮೇಲೆ ಸಾಸಿವೆಗಳು. ಪಾಲಯ್ಯ ಭಾವ, ಅವನ ಹೆಗಲ ಮೇಲೆ ಭಾರ ಬಿಟ್ಟು ಹಳದಿ ಸೀರೆಯ ಅಕ್ಕ, ಹಿಂದೆ ತಲೆಯ ಮೇಲೆ ಚಾಪೆ ಹೊತ್ತ ಕೆಂಚತ್ತೆ. ಮೇಡಂ ತೋರಿಸಿದ ಹಲಗೆ ಅಲ್ಲೂ ಕೆಲಸ ಮಾಡಿತ್ತು.

ಅಕ್ಕ ನಮ್ಮನ್ನು ನೋಡಿ ನಕ್ಕಳು. ಮುಖ ಬೆವತು ಬಿಳಿಚಿತ್ತು. ‘ಕರೆಯೋಕೆ ಬಂದ್ಯಾ ಅವ್ವ?’

ಅವ್ವ ಬಾಯಿ ತೆರೆಯುವ ಮೊದಲೇ ಕೆಂಚತ್ತೆ ಶುರು ಮಾಡಿದಳು. ‘ಕರೆಯೋಕೆ ಎಲ್ಲಿ ಬಂದ್ಲು? ನಾವೇ ತಂದು ಬಿಡ್ತಾ ಇದೀವಿ. ಅರ್ಧಕ್ಕಿಂತ ಜಾಸ್ತಿ ನಾವೇ ನಡೆದಿದೀವಿ.’

‘ಏನು? ಆ ಬಂಡೆ ದಾಟಿ ಎಷ್ಟೊತ್ತಾಯ್ತು ಗೊತ್ತಾ ನಾವು? ಜಾಸ್ತಿ ನಡೆದಿದ್ದು ನಾವು.’

‘ಬಸುರಿನ ಕರ್ಕಂಡು ನಡೆಯೋರು ಒಂದಕ್ಕೆ ಎರಡು ನಡೆದಂಗೆ!’

‘ಹಂಗಾದ್ರೆ ಬಸುರಿನ ನಡೆಸಿದ್ದು ಯಾಕೆ ನೀನು? ಬಂದು ಬಟ್ಲು ಎತ್ಕಂಡು ಹೋಗಿದ್ರೆ ಆಗ್ತಿರ್ಲಿಲ್ವಾ?’ ಅವ್ವ ಸೊಂಟದಿಂದ ಬಟ್ಟಲು ಕಿತ್ತು ಅವಳ ಮುಂದೆ ಹಿಡಿದಳು. ‘ತಗಾ ನಿನ್ ಬಟ್ಲು. ಎತ್ತಿದೀನಿ. ಸೋತಿದೀನಿ. ಆಯ್ತಾ?’

ಕೆಂಚತ್ತೆ ಚಾಪೆ ಇಳಿಸಿದಳು. ಬಟ್ಟಲು ನೋಡಿದಳು. ‘ಮಂದಿನ ಆಡ್ಕಂತೀನಿ ಅಂದ್ಯಲ್ಲೆ ನೀನು’ ಅಂದಳು, ದನಿ ತಗ್ಗಿಸಿ. ‘ಯಾರ ಜೊತೆ ಆಡ್ಕಂತಿದ್ದೆ ನಾನು? ನಿನ್ ಒಬ್ಬಳ ಜೊತೆ ತಾನೆ? ಈ ಆರು ತಿಂಗ್ಳು ಯಾರ ಬಗ್ಗೆನೂ ಒಂದು ಮಾತು ಆಡ್ಲಿಲ್ಲ. ಹೊಟ್ಟೆ ಉಬ್ಬರಿಸಿಬಿಟ್ಟೈತೆ.’

‘ಇಬ್ರೂ ಸುಮ್ಕಿರ್ರಿ ಸ್ವಲ್ಪ’ ಅಂದಳು ಅಕ್ಕ, ಭಾವನ ಹೆಗಲು ಬಿಟ್ಟು ಕೆಳಗೆ ಕುಸಿಯುತ್ತ. ‘ನಂಗೆ ಆಗ್ತಾ ಇಲ್ಲ.’

ಅವ್ವ, ಕೆಂಚತ್ತೆ ಇಬ್ಬರೂ ಜಗಳವನ್ನು ಅಲ್ಲಿಗೇ ಬಿಟ್ಟರು. ಒಬ್ಬಳು ಚಾಪೆ ಹಾಸಿದಳು, ಇನ್ನೊಬ್ಬಳು ಗಂಟು ಕಟ್ಟಿದ್ದ ಸೀರೆ ಬಿಚ್ಚಿ ಭಾವನ ಕೈಲಿ ಮರೆ ಹಿಡಿಸಿದಳು. ಒಬ್ಬಳ ಕೈ ಎಲ್ಲಿ ಮುಗಿಯುತ್ತಿತ್ತೋ ಅಲ್ಲಿ ಇನ್ನೊಬ್ಬಳದು ಶುರುವಾಗುತ್ತಿತ್ತು. ನಾನು ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಇಲ್ಲಿ ಏನಾದರೂ ಆದರೆ ಎರಡು ಹೊಗೆಯೂ ಅಷ್ಟೇ ದೂರ ಅಂತ ಗೊತ್ತಿತ್ತು. ಅಕ್ಕ ಕಿರುಚಿದಳು, ಹಲ್ಲು ಕಚ್ಚಿದಳು, ನನ್ನ ಮಣಿಕಟ್ಟಿನಲ್ಲಿ ಅವಳ ಉಗುರು ಇಳಿಯಿತು. ಸೂರ್ಯ ಮುಳುಗುವ ಮೊದಲೇ ಹೆಣ್ಣುಮಗು ಹುಟ್ಟಿತು. ಆ ಬಯಲು ಕೇಳಿದ ಮೊದಲ ಮಾತು ಜಗಳ, ಎರಡನೆಯದು ಅಳು.

ಬಾಣಂತಿಯನ್ನು ಅಷ್ಟು ದೂರ ನಡೆಸುವ ಹಾಗಿರಲಿಲ್ಲ. ಭಾವ ಕಂಬ ಹೂತು ಗುಡಿಸಲು ಕಟ್ಟಿದ. ಈಚೆ ಕಡೆಯಿಂದ ನಾನು, ಆಚೆ ಕಡೆಯಿಂದ ಅವನು, ಹಾಲು ಅಕ್ಕಿ ಸೌದೆ ಹೊತ್ತು ತಿರುಗಿ ತಿರುಗಿ ಎರಡು ಕಾಲುದಾರಿ ಬಿದ್ದವು. ಮಗುವನ್ನು ನೋಡಲು ಜನ ಬಂದರು. ನೆಲ ಗಟ್ಟಿಯಾಯಿತು, ಗಾಡಿ ತಾಳಿತು. ಮೊದಲ ಗಾಡಿಯಲ್ಲೇ ಅಜ್ಜಿ ಬಂದು ಮಗುವಿಗೆ ನಡುವಿ ಅಂತ ಹೆಸರಿಟ್ಟಳು. ಬಯಲೇನೂ ಚಿಕ್ಕದಾಗಲಿಲ್ಲ. ಅದು ಅಷ್ಟೇ ಇತ್ತು, ಅಲ್ಲಿಗೆ ನಿಂತಿತ್ತು. ಮೇಡಂ ಬಂದು ಹಲಗೆ ಎಲ್ಲಿ ನೆಡುವುದು ಅಂತ ಬಹಳ ಹೊತ್ತು ಯೋಚಿಸಿ, ಕೊನೆಗೆ ಅದನ್ನು ಮಗುವಿನ ತೊಟ್ಟಿಲ ಕೆಳಗೆ ಅಲುಗದ ಹಾಗೆ ಒತ್ತು ಕೊಟ್ಟು ಹೋದರು.

ಅವ್ವನಾಗಲಿ ಕೆಂಚತ್ತೆಯಾಗಲಿ ಊರಿಗೆ ಹಿಂದಿರುಗುವ ಮಾತೇ ಎತ್ತಲಿಲ್ಲ. ಬಾಣಂತನ ಮುಗಿದ ಮೇಲೆ ಮಗು ಎಲ್ಲಿಗೆ ಹೋಗಬೇಕು ಅನ್ನುವುದೊಂದು ತೀರ್ಮಾನವಾಗಬೇಕಿತ್ತಲ್ಲ. ‘ಮಗು ನಮ್ ವಂಶದ್ದು’ ಅಂದಳು ಕೆಂಚತ್ತೆ. ‘ಮೊದಲ ಬಾಣಂತನ ತವರಿಂದು’ ಅಂದಳು ಅವ್ವ. ಗುಡಿಸಲ ಆ ಬದಿ ಒಬ್ಬಳ ಒಲೆ, ಈ ಬದಿ ಇನ್ನೊಬ್ಬಳದು. ‘ನಡೆಯೋದು ಕಲೀಲಿ ತಡಿ’ ಅಂದಳು ಅಕ್ಕ ಸಾಕಾಗಿ. ‘ಯಾವ್ ಕಡೆ ಹೆಜ್ಜೆ ಇಡ್ತಾಳೋ ಆ ಮನೇಗೆ ಬರ್ತೀನಿ. ಅಲ್ಲೀವರೆಗೂ ನನ್ ತಲೆ ತಿನ್ಬೇಡ್ರಿ.’

ಅಷ್ಟರಲ್ಲಿ ಮನೆ ಕಳಕೊಂಡ ಕಡಲಿನವರು ಬಂದರು. ದಾರಿ ಬಿದ್ದ ಕಡೆ ಜಾಗ ಕೇಳದೆ, ಯಾರಿಗೂ ತೊಂದರೆ ಬೇಡ ಅಂತ ಬಡಗಣ ದಿಕ್ಕಿನಲ್ಲಿ ದೂರಕ್ಕೆ ತಗಡಿನ ಮನೆಗಳನ್ನು ಹಾಕಿಕೊಂಡರು. ಬಿಸಿಲಿಗೆ ಆ ತಗಡು ಮೀನಿನ ಹಾಗೆ ಮಿನುಗುತ್ತಿತ್ತು. ಅವರೂ ಇತ್ತ ಬರಲಿಲ್ಲ, ನಾವೂ ಅತ್ತ ಹೋಗಲಿಲ್ಲ. ದಿನದಿಂದ ದಿನಕ್ಕೆ ಆ ಮಿನುಗು ಸಣ್ಣದಾಗುತ್ತಿದ್ದುದನ್ನು ಗಮನಿಸುವಷ್ಟು ಪುರುಸೊತ್ತು ನಮಗಿರಲಿಲ್ಲ. ಎಲ್ಲರ ಕಣ್ಣೂ ನಡುವಿಯ ಕಾಲ ಮೇಲಿತ್ತು.

ಅವಳು ಎದ್ದು ನಿಂತ ದಿನ ಎರಡೂ ಕಡೆಯವರು ಕೂಡಿದ್ದರು. ಅವ್ವ ಒಂದು ಬದಿಯಲ್ಲಿ ಕೂತು ಬೆಲ್ಲದ ಚೂರು ತೋರಿಸುತ್ತ ‘ಬಾರೆ ನನ್ ಬಂಗಾರ’ ಅಂದಳು. ಇನ್ನೊಂದು ಬದಿಯಿಂದ ಕೆಂಚತ್ತೆ ಬಳೆ ಅಲ್ಲಾಡಿಸುತ್ತ ‘ಅವಳ ಹತ್ರ ಹೋಗ್ಬೇಡ, ಬರೀ ಬೆಲ್ಲ ಐತೆ, ಇಲ್ ಬಾ’ ಅಂದಳು. ಅಕ್ಕ ಕೈ ಬಿಟ್ಟಳು. ನಡುವಿ ತೂರಾಡುತ್ತ ನಿಂತು ಅವ್ವನನ್ನು ನೋಡಿದಳು, ಕೆಂಚತ್ತೆಯನ್ನು ನೋಡಿದಳು, ಇಬ್ಬರಿಗೂ ಒಂದೊಂದು ನಗು ಕೊಟ್ಟಳು. ಆಮೇಲೆ ತಿರುಗಿ, ಹೊಟ್ಟೆ ಮುಂದೆ ಮಾಡಿಕೊಂಡು, ದೂರದಲ್ಲಿ ಮಿನುಗುತ್ತಿದ್ದ ತಗಡಿನ ಕಡೆಗೆ ಹೊರಟಳು. ಒಂದು ಹೆಜ್ಜೆ, ಬಿದ್ದಳು, ಎದ್ದಳು, ಮತ್ತೊಂದು.

ಅಕ್ಕ ಎತ್ತಿಕೊಳ್ಳಲು ಬಗ್ಗಿದವಳು ಅರ್ಧಕ್ಕೇ ನಿಂತಳು. ಮಗು ಹುಲ್ಲಿನೊಳಗೆ ಹೋಗುತ್ತಲೇ ಇತ್ತು.

ಮೊದಲು ಎದ್ದವಳು ಕೆಂಚತ್ತೆ. ಸೆರಗು ಸಿಕ್ಕಿಸಿಕೊಂಡು, ಮಂಡಿ ಹಿಡಿದುಕೊಂಡು ಎದ್ದಳು. ‘ಏನ್ ಕುಂತೆ ಬೀಗ್ತಿ? ಆ ಮನೆಯೋರ ಹೆಸರಾದ್ರೂ ಗೊತ್ತಾ ನಿಂಗೆ?’

‘ಇಲ್ಲ’ ಅಂದಳು ಅವ್ವ.

‘ನಂಗೂ ಗೊತ್ತಿಲ್ಲ. ನಡಿ, ಕೇಳಾನ.’

ಇಬ್ಬರೂ ನಡುವಿಯ ಹಿಂದೆ, ಅವಳಿಗಿಂತ ಮುಂದಾಗದಂತೆ, ಅವಳು ಬಿದ್ದಾಗ ನಿಂತು ಎದ್ದಾಗ ಹೊರಟು, ನಡೆಯತೊಡಗಿದರು. ನಾವೂ ಹೊರಟೆವು.